ದಿನದ ಕಲೆಕ್ಷನ್ ಸಾಲ ತಗೊಳ್ಳುವ ಮುಂಚೆ ಲೈಸೆನ್ಸ್ ಕೇಳಿ

ದಾವಣಗೆರೆಯಲ್ಲಿ ನಮ್ಮ ಅಕ್ಕನ ಟಿಫಿನ್ ಗಾಡಿ ಇದೆ. ಹೊಸ ಒಲೆ, ಪಾತ್ರೆ ಅಂತ ದುಡ್ಡು ಬೇಕಿತ್ತು. ಹತ್ತಿರದ ಫೈನಾನ್ಸಿನವರೊಬ್ಬರು ನೂರು ದಿನದ ಸಾಲ ಕೊಟ್ಟರು. ಹೆಸರಿಗೆ 50,000. ಬಡ್ಡಿ ಮೊದಲೇ ಹಿಡಿದುಕೊಂಡು ಕೈಗೆ ಕೊಟ್ಟಿದ್ದು 45,000. ದಿನಾ 500 ಕಟ್ಟಬೇಕು.

ಕೇಳೋಕೆ ಶೇ 10 ಅನ್ನಿಸುತ್ತದೆ. ಆದರೆ ದಿನಾ ಅಸಲು ಕರಗುತ್ತಾ ಹೋಗುತ್ತೆ ಅಲ್ವಾ? ಅದನ್ನೂ ಹಿಡಿದು ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 75 ದಾಟುತ್ತದೆ. ನಮ್ಮ ರಾಜ್ಯದಲ್ಲಿ ಲೇವಾದೇವಿಗಾರರಿಗೆ ಸರ್ಕಾರ ಹಾಕಿರುವ ಮಿತಿ, ಅಡವಿಟ್ಟ ಸಾಲಕ್ಕೆ ವರ್ಷಕ್ಕೆ ಶೇ 14, ಅಡವಿಲ್ಲದ್ದಕ್ಕೆ ಶೇ 16. ನಾವು ಬಡ್ಡಿ ಮಾತಾಡುವುದು ತಿಂಗಳ ಲೆಕ್ಕದಲ್ಲಿ. ಹಾಗೆ ನೋಡಿದರೆ ಶೇ 16 ಅಂದರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಮೂವತ್ಮೂರು ಪೈಸೆ ಅಷ್ಟೇ. 'ನೂರಕ್ಕೆ ಮೂರು, ಕಮ್ಮಿನೇ ಅಕ್ಕಾ' ಅಂತ ಯಾರಾದರೂ ಅಂದರೆ, ಅದೇ ಈ ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ.

ಬಡ್ಡಿಗಿಂತ ಹೆಚ್ಚು ಕಾಡಿದ್ದು ಕಾಗದ. ಸಾಲ ಕೊಡುವಾಗ ಸಹಿ ಹಾಕಿಸಿದ ಎರಡು ಖಾಲಿ ಚೆಕ್, ಒಂದು ಖಾಲಿ ಬಾಂಡ್ ಪೇಪರ್ ಇಸ್ಕೊಂಡರು. ಬದಲಿಗೆ ಕೊಟ್ಟಿದ್ದು ಅಂಗೈಯಗಲದ ಒಂದು ಕಾರ್ಡು. ಅದರ ಮೇಲೆ ಫೈನಾನ್ಸಿನ ವಿಳಾಸ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ. ಕಲೆಕ್ಷನ್ ಹುಡುಗ ತಾರೀಕಿನ ಎದುರು ಒಂದು ಗೀಟು ಎಳೆದು ಹೋಗುತ್ತಿದ್ದ. ಮಳೆಗಾಲದಲ್ಲಿ ವ್ಯಾಪಾರ ಬಿದ್ದು ಕಂತು ತಪ್ಪಿತು. ತಪ್ಪಿದ್ದಕ್ಕೆಲ್ಲ ದಂಡ, ದಂಡದ ಮೇಲೆ ಬಡ್ಡಿ. ಲೆಕ್ಕ ಬರೆದು ಕೊಡಿ ಅಂದರೆ 'ಲೆಕ್ಕ ನಮ್ಮತ್ರ ಇದೆ' ಅಂದರು. ಕೊನೆಗೆ ಒಂದು ಚೆಕ್‌ನಲ್ಲಿ ಒಂದೂವರೆ ಲಕ್ಷ ಬರೆದು ಬ್ಯಾಂಕಿಗೆ ಹಾಕಿದರು. ಬೌನ್ಸ್ ಆಯ್ತು, ವಕೀಲರ ನೋಟಿಸ್ ಬಂತು.

ಇದನ್ನು ಎಲ್ಲರೂ ತಿಳ್ಕೋಬೇಕು. ಚೆಕ್ ಖಾಲಿ ಕೊಟ್ಟಿದ್ದೆ ಅಂದ ಮಾತ್ರಕ್ಕೆ ಕೋರ್ಟು ಬಿಡುವುದಿಲ್ಲ. ಸಹಿ ನಿಮ್ಮದಾದರೆ, ಅದು ಸಾಲಕ್ಕೇ ಕೊಟ್ಟ ಚೆಕ್ ಅಂತ ಕಾನೂನು ಮೊದಲು ನಂಬುತ್ತದೆ. ಅಲ್ಲ ಅಂತ ತೋರಿಸುವ ಹೊಣೆ ನಿಮ್ಮದು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಈ ಚೆಕ್‌ಗೆ ದುಡ್ಡು ಕೊಡಬೇಡಿ ಅಂತ ಬ್ಯಾಂಕಿಗೆ ಹೇಳಿ ಸ್ಟಾಪ್ ಪೇಮೆಂಟ್ ಮಾಡಿಸಿದರೂ ಕೇಸು ತಪ್ಪುವುದಿಲ್ಲ. ನೋಟಿಸ್ ಕೈಗೆ ಬಂದ ಮೇಲೆ ಇರುವುದು 15 ದಿನ. ಸುಮ್ನೆ ಇಟ್ಟುಕೊಂಡು ಕೂರಬೇಡಿ, ಅಷ್ಟರೊಳಗೆ ವಕೀಲರಿಂದ ಉತ್ತರ ಕಳಿಸಿ. ಅಕ್ಕನ ಕಡೆಯಿಂದ ಹೋದ ಉತ್ತರಕ್ಕೆ ಬಲ ಬಂದದ್ದು ಆ ಗೀಟಿನ ಕಾರ್ಡಿನ ಫೋಟೋಗಳಿಂದ, ಅವಳು ಫೋನ್‌ಪೇಯಲ್ಲಿ ಕಟ್ಟಿದ್ದ ಕಂತುಗಳಿಂದ.

ಆಮೇಲೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಯಲ್ಲಿ ವಿಚಾರಿಸಿದೆವು. ಆ ಫೈನಾನ್ಸಿನ ಹೆಸರಲ್ಲಿ ಲೈಸೆನ್ಸೇ ಇರಲಿಲ್ಲ! 1961ರ ಕರ್ನಾಟಕ ಲೇವಾದೇವಿಗಾರರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಈ ವ್ಯವಹಾರ ಮಾಡುವಂತಿಲ್ಲ. ಕಟ್ಟಿದ ದುಡ್ಡಿಗೆ ರಸೀದಿಯನ್ನೂ ಕೊಡಬೇಕು. ಹೀಗಿರುವಾಗ ಬೆಳಗಾಗೆದ್ದು ದೋಸೆ ಹುಯ್ಯುವ ಹೆಂಗಸರ ಹತ್ತಿರ ಇವರು ರಾಜಾರೋಷವಾಗಿ ವಸೂಲಿ ಮಾಡುತ್ತಾರಲ್ಲ, ನನಗೆ ತಡೆಯಲಾರದ ಸಿಟ್ಟು ಬರುತ್ತದೆ.

ಹಾಗಾಗಿ ಸಹಿ ಹಾಕುವ ಮೊದಲು ಲೈಸೆನ್ಸ್ ನೋಡಿ. ಯಾರ ಹೆಸರಲ್ಲಿದೆ, ಅವಧಿ ಮುಗಿದಿದೆಯಾ ಓದಿ. ಅವರು 'ನಾವು ಆರ್‌ಬಿಐನಲ್ಲಿ ನೋಂದಣಿ ಆದ ಕಂಪನಿ' ಅಂದರೆ ಆರ್‌ಬಿಐ ವೆಬ್‌ಸೈಟಿನ ಪಟ್ಟಿಯಲ್ಲಿ ಹೆಸರು ಹುಡುಕಿ. ಚೆಕ್ ಕೊಡಲೇಬೇಕಾಗಿ ಬಂದರೆ ಮೊತ್ತ ಬರೆದು, ಫೋಟೋ ತೆಗೆದು, ಚೆಕ್ ನಂಬರ್ ಹಾಕಿಸಿದ ರಸೀದಿ ಇಸ್ಕೊಳ್ಳಿ. ಕಂತನ್ನು ನಗದಾಗಿ ಕೊಡಬೇಡಿ.

ಈಗಾಗಲೇ ಸಿಕ್ಕಿಹಾಕಿಕೊಂಡವರು ಹೆದರಬೇಡಿ. ಮನೆ ಮುಂದೆ ನಿಂತು ಬೈದರೆ, ಬೆದರಿಸಿದರೆ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ. ಕಿರುಕುಳದ ವಸೂಲಿ ವಿರುದ್ಧ 2025ರ ಫೆಬ್ರವರಿಯಲ್ಲಿ ರಾಜ್ಯ ತಂದ ಸುಗ್ರೀವಾಜ್ಞೆಯಲ್ಲಿ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಇಡಲಾಗಿತ್ತು; ಅದೇ ವರ್ಷ ಅದು ಕಾಯ್ದೆಯಾಯ್ತು. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ ನಿಮ್ಮ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ.