ಬಾಡಿಗೆ ಮನೆಯ ಹಾಟ್ ಟಬ್: ನೀರು ತಿಳಿಯಾಗಿದೆ ಅಂತ ಇಳಿಯಬೇಡಿ

ಅಮೆರಿಕದಲ್ಲಿ ರಜೆಗೆ ಮನೆ ಬಾಡಿಗೆ ಹಿಡಿಯುವ ನಮ್ಮ ಜನಕ್ಕೆ ಒಂದು ಮಾತು. ಹಿತ್ತಲಲ್ಲಿ ಹಾಟ್ ಟಬ್ (ಒಳಗೆ ಕೂತು ಮೈ ಕಾಯಿಸಿಕೊಳ್ಳುವ ಬಿಸಿನೀರಿನ ತೊಟ್ಟಿ) ಇದೆ ಅಂದ ಕೂಡಲೇ ಟವೆಲ್ ಹಿಡಿದು ಓಡಬೇಡಿ.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ನಾವು ಎರಡು ಮನೆಯವರು ಸೇರಿ ಕ್ಯಾಲಿಫೋರ್ನಿಯಾದ ಟಾಹೋ ಸರೋವರದ ಕಡೆ ಒಂದು ಮನೆ ಹಿಡಿದಿದ್ದೆವು. ಕೊರೆಯುವ ಚಳಿ, ಡೆಕ್ ಮೇಲೆ ಹಬೆಯಾಡುವ ಟಬ್. 'ಈಗಷ್ಟೇ ಸರ್ವಿಸ್ ಆಗಿದೆ, ಎಂಜಾಯ್ ಮಾಡಿ' ಅಂತ ಮಾಲೀಕನ ಮೆಸೇಜ್ ಬೇರೆ. ತಳ ಕಾಣುವಷ್ಟು ತಿಳಿ ನೀರು. ಕೂರುವ ಜಾಗ ಮಾತ್ರ ತೊಳೆಯದ ಬಕೆಟ್ಟಿನ ಹಾಗೆ ಲೋಳೆ ಲೋಳೆ. ರಾತ್ರಿ ಮಕ್ಕಳೂ ದೊಡ್ಡವರೂ ಇಳಿದೆವು. ಅತ್ತೆ ಶಾಲು ಹೊದ್ದು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು.

ಊರಿಗೆ ಬಂದ ಮೇಲೆ ಮಗಳ ಸೊಂಟ, ತೊಡೆಯ ಮೇಲೆಲ್ಲ ಕೆಂಪು ಗುಳ್ಳೆ ಎದ್ದವು. ಒಂದೊಂದರ ತುದಿಯಲ್ಲೂ ಕೀವಿನ ಚುಕ್ಕೆ. ವಿಪರೀತ ತುರಿಕೆ. ಅತ್ತೆ ನೋಡಿದವರೇ, "ಅಮ್ಮ ಎದ್ದಿದ್ದಾಳೆ ಕಣೇ, ಈ ಊರಲ್ಲಿ ಬೇವಿನ ಸೊಪ್ಪು ಎಲ್ಲಿ ಸಿಗುತ್ತೆ?" ಅಂದರು. ಅಷ್ಟರಲ್ಲಿ ಇನ್ನೊಂದು ಮನೆಯಿಂದ ಫೋನ್: ಅಲ್ಲೂ ಇದೇ ಕಥೆ.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಸ್ವಿಮ್‌ಸೂಟ್ ಇದ್ದ ಜಾಗದಲ್ಲೇ ಜಾಸ್ತಿನಾ?" ಹೌದು, ಅಲ್ಲೇ. ಇದಕ್ಕೆ ಹಾಟ್ ಟಬ್ ರ‍್ಯಾಶ್ ಅಂತಲೇ ಹೆಸರಂತೆ. ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಕೂದಲ ಬುಡಕ್ಕೆ ಸೇರಿಕೊಳ್ಳುತ್ತದೆ; ಒದ್ದೆ ಬಟ್ಟೆ ಅದನ್ನು ಮೈಗೆ ಒತ್ತಿ ಹಿಡಿಯುತ್ತದೆ. ಹೆಚ್ಚಿನವರಿಗೆ ತಾನಾಗೇ ಮಾಯುತ್ತದೆ, ನಮಗೂ ಹಾಗೇ ಆಯಿತು.

ಆಮೇಲೆ ಡಾಕ್ಟರ್ ಕೇಳಿದ್ದು ಅತ್ತೆಯ ಬಗ್ಗೆ. ಕೆಮ್ಮು, ಜ್ವರ ಇದೆಯಾ ಅಂತ. ಅವರು ನೀರಿಗೆ ಕಾಲೂ ಇಟ್ಟಿರಲಿಲ್ಲ! ಆದರೆ ಇಂಥ ನೀರಲ್ಲಿ ಲೀಜನೆಲ್ಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಇದ್ದರೆ, ಜೆಟ್ (ಟಬ್ಬಿನೊಳಗೆ ನೀರು, ಗಾಳಿ ರಭಸದಿಂದ ನುಗ್ಗುವ ನಳಿಕೆ) ಚಿಮ್ಮಿಸುವ ಸಣ್ಣ ಹನಿಗಳ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ವಯಸ್ಸಾದವರಿಗೆ ಅದು ನ್ಯುಮೋನಿಯಾ ತರಬಹುದು. 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಒಂದು ಹೂವಿನ ಮೇಳದಲ್ಲಿ, ಬರೀ ಪ್ರದರ್ಶನಕ್ಕಿಟ್ಟಿದ್ದ ಟಬ್ಬಿನಿಂದ ಹೀಗೇ ಹರಡಿ ಕಡಿಮೆ ಅಂದರೂ 28 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಸುಮ್ನೆ ಮೇಳ ನೋಡಲು ಬಂದವರು. ಇದನ್ನು ಓದಿದ ಮೇಲೆ ಅತ್ತೆ ಸೀನಿದರೂ ಎದೆ ಧಸಕ್ ಅನ್ನುತ್ತಿತ್ತು. ಪುಣ್ಯಕ್ಕೆ ಅವರಿಗೆ ಏನೂ ಆಗಲಿಲ್ಲ.

ಈ ರೋಗಾಣುಗಳನ್ನು ಕೊಲ್ಲಲು ನೀರಿಗೆ ಹಾಕುವ ಕ್ಲೋರಿನ್ ಬಿಸಿ ನೀರಲ್ಲಿ ಬೇಗ ಖಾಲಿಯಾಗುತ್ತದೆ. ಬೆವರು, ಕ್ರೀಮು, ಜೆಟ್ಟಿನ ಗಾಳಿ ಎಲ್ಲ ಸೇರಿ ಇನ್ನೂ ಬೇಗ. ಬೆಳಿಗ್ಗೆ ಸರಿ ಇದ್ದ ನೀರು ರಾತ್ರಿಗೆ ಸರಿ ಇರಬೇಕೆಂದಿಲ್ಲ. ಕ್ಲೋರಿನ್ ವಾಸನೆ ಮೂಗಿಗೆ ಹೊಡೆದರೆ ಕ್ಲೀನ್ ಅಂತಲೂ ಅಲ್ಲ. ಅದು ಹೆಚ್ಚಾಗಿ ಕೊಳೆಯ ಜೊತೆ ಬೆರೆತ ಕ್ಲೋರಿನ್ನಿನ ವಾಸನೆ.

ಹಾಗಾಗಿ ಟೆಸ್ಟ್ ಸ್ಟ್ರಿಪ್ (ನೀರು ಪರೀಕ್ಷಿಸುವ, ಬಣ್ಣ ಬದಲಾಗುವ ಪಟ್ಟಿ) ಇಟ್ಟುಕೊಳ್ಳಿ. ದೊಡ್ಡ ಅಂಗಡಿಗಳಲ್ಲಿ ಪೂಲ್ ಸಾಮಾನಿನ ಜೊತೆ ಸಿಗುತ್ತದೆ. ನೀರಲ್ಲಿ ಅದ್ದಿ, ಬಣ್ಣವನ್ನು ಡಬ್ಬಿಯ ಮೇಲಿನ ಪಟ್ಟಿಗೆ ಹೋಲಿಸಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುವ ಪ್ರಕಾರ ಕ್ಲೋರಿನ್ ಕನಿಷ್ಠ 3 ಪಿಪಿಎಂ (ಹತ್ತು ಲಕ್ಷ ಪಾಲಿಗೆ 3 ಪಾಲು), ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.0ರಿಂದ 7.8 ಇರಬೇಕು. ಕ್ಲೋರಿನ್ ಬದಲು ಬ್ರೋಮಿನ್ ಹಾಕುವ ಟಬ್ ಆದರೆ ಅದು ಕನಿಷ್ಠ 4 ಪಿಪಿಎಂ. ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಐದು ವರ್ಷದೊಳಗಿನ ಮಕ್ಕಳನ್ನು ಇಳಿಸಲೇಬೇಡಿ, ಬಸುರಿಯರು ಡಾಕ್ಟರನ್ನು ಕೇಳದೆ ಇಳಿಯಬೇಡಿ. ತಳದ ಡ್ರೇನ್ ಮುಚ್ಚಳ ಒಡೆದಿದ್ದರೆ ಯಾರೂ ಬೇಡ, ಅದರ ಸೆಳೆತಕ್ಕೆ ಕೂದಲು ಸಿಕ್ಕಿಕೊಂಡು ಜೀವ ಹೋಗಿದ್ದಿದೆ. ಈಚೆ ಬಂದ ಮೇಲೆ ಸೋಪು ಹಚ್ಚಿ ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲೇ ಹರಟೆಗೆ ಕೂರಬೇಡಿ.

ಸ್ವಂತ ಟಬ್ ಇರುವವರು ಬರೀ ಕ್ಲೋರಿನ್ ಸುರಿದರೆ ಸಾಲದು. ಪೈಪಿನೊಳಗಿನ ಲೋಳೆಯಲ್ಲಿ ಬ್ಯಾಕ್ಟೀರಿಯಾ ಅಡಗಿರುತ್ತದೆ. ಆಗಾಗ ನೀರು ಪೂರ್ತಿ ಖಾಲಿ ಮಾಡಿ, ಒಳಗೆಲ್ಲ ಉಜ್ಜಿ, ಫಿಲ್ಟರ್ ತೊಳೆದು ಹೊಸ ನೀರು ತುಂಬಬೇಕು.

ಮಾಲೀಕನಿಗೆ ಎಲ್ಲ ಬರೆದು ಕಳಿಸಿದೆ. 'ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ' ಅಂತ ಉತ್ತರ ಬಂತು. ಕೊನೆಯ ಸಲ ನೀರು ಟೆಸ್ಟ್ ಮಾಡಿದ್ದು ಯಾವಾಗ ಅಂತ ಕೇಳಿದ್ದಕ್ಕೆ ಇನ್ನೂ ಉತ್ತರ ಇಲ್ಲ. ಗುಳ್ಳೆಯ ಫೋಟೋ ಸಮೇತ ರಿವ್ಯೂ ಹಾಕಿದ್ದೇನೆ.