ನೀರು ಹಾಕುವ ಬ್ಯಾಟರಿಯೋ, ಸೀಲ್ಡ್ ಬ್ಯಾಟರಿಯೋ?

ಪೆರ್ಲದ ಹತ್ತಿರ ನಮ್ಮ ಮನೆ. ತೋಟದ ಕೆಲಸಕ್ಕೆ ಹಳೆ ಜೀಪು ಇದೆ, ಅದಕ್ಕೆ ನೀರು ಹಾಕುವ ಬ್ಯಾಟರಿ. ಪೇಟೆಗೆ ಹೋಗಲು ಸಣ್ಣ ಕಾರು, ಅದಕ್ಕೆ ಸೀಲ್ಡ್, ಅಂದರೆ ಮುಚ್ಚಳ ತೆಗೆದು ನೀರು ಹಾಕಲು ಆಗದ್ದು. ನಾಲ್ಕು ಮಳೆಗಾಲ ಎರಡನ್ನೂ ಒಂದೇ ಶೆಡ್ಡಿನಲ್ಲಿ ನೋಡಿದ್ದೇನೆ.

ಸೀಲ್ಡ್‌ನ ಒಳ್ಳೆಯ ಗುಣ ಮೊದಲು ಹೇಳಬೇಕು. ಮೂರು ವರ್ಷ ಅದರ ಕಡೆ ತಿರುಗಿ ನೋಡಲೇ ಇಲ್ಲ. ಆಟಿ ತಿಂಗಳ ಮಳೆಗೆ ಮೂರು ವಾರ ಕಾರು ಹೊರಗೆ ತೆಗೆಯದಿದ್ದರೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಜೀಪು ಹಾಗಲ್ಲ, ಅಷ್ಟು ದಿನ ನಿಂತರೆ ಸೆಲ್ಫ್ ಎಳೆಯಲು ಕಷ್ಟಪಡುತ್ತಿತ್ತು. ಕಾರಣ ಒಳಗಿನ ಪ್ಲೇಟು. ಹಳೆ ಕ್ರಮದ ಬ್ಯಾಟರಿಯಲ್ಲಿ ಸೀಸಕ್ಕೆ ಆಂಟಿಮನಿ ಬೆರೆಸುತ್ತಾರೆ, ಸೀಲ್ಡ್‌ನಲ್ಲಿ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಇದ್ದರೆ ಸುಮ್ನೆ ನಿಂತಾಗ ಚಾರ್ಜ್ ಇಳಿಯುವುದು ಕಡಿಮೆ. ಚಾರ್ಜ್ ಆಗುವಾಗ ನೀರು ಗ್ಯಾಸಾಗಿ ಹೋಗುವುದೂ ಕಡಿಮೆ.

ಆದರೆ ಅದು ಕೈಕೊಟ್ಟ ರೀತಿ ನನಗೆ ಇನ್ನೂ ಬೇಸರ. ಅಮ್ಮನನ್ನು ಮಂಗಳೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಹಿಂದಿನ ಸಂಜೆ ಬದಿಯಡ್ಕಕ್ಕೆ ಹೋಗಿ ಬಂದ ಕಾರು. ಬೆಳಗ್ಗೆ ಕೀ ತಿರುಗಿಸಿದರೆ ‘ಟಕ್’ ಅಂತ ಒಂದು ಶಬ್ದ, ಅಷ್ಟೇ. ಬಾನೆಟ್ ಎತ್ತಿ ನೋಡಿದರೆ ಬ್ಯಾಟರಿ ಮೇಲಿನ ಪುಟ್ಟ ಕಿಂಡಿಯಲ್ಲಿ ಹಸಿರು ಬಣ್ಣ! ಹಸಿರು ಅಂದರೆ ಸರಿ ಇದೆ ಅಂತ ಅಲ್ವಾ? ಆ ದಿನ ನೆರೆಮನೆಯವರ ಕಾರಿನಲ್ಲಿ ಹೋದೆವು. ಮರುದಿನ ಮೆಕ್ಯಾನಿಕ್ ಮೀಟರ್ ಇಟ್ಟು ತೋರಿಸಿದರು: 10.4 ವೋಲ್ಟ್. ಪೂರ್ತಿ ಚಾರ್ಜ್ ಆದದ್ದು 12.6 ತೋರಿಸಬೇಕು. ಒಳಗೆ ಆರು ಸೆಲ್, ಒಂದೊಂದಕ್ಕೆ ಸುಮಾರು 2.1 ವೋಲ್ಟ್. ಒಂದು ಸೆಲ್ ಪೂರ್ತಿ ಹೋಗಿತ್ತು. ಆ ಹಸಿರು ಕಿಂಡಿ ನೋಡುವುದು ಒಂದೇ ಸೆಲ್ಲನ್ನು, ಉಳಿದ ಐದರ ಸುದ್ದಿ ಅದಕ್ಕೆ ಗೊತ್ತಾಗುವುದಿಲ್ಲ.

ಜೀಪಿನ ಬ್ಯಾಟರಿಗೂ ವಯಸ್ಸಾಗಿತ್ತು, ಆದರೆ ಅದು ಮೊದಲೇ ತಿಳಿಸಿತು. ಒಂದು ಸೆಲ್ ಮಾತ್ರ ಉಳಿದವಕ್ಕಿಂತ ಜಾಸ್ತಿ ನೀರು ಕುಡಿಯಲು ಶುರು ಮಾಡಿತು. ಒಳಗಿನ ಆಸಿಡ್ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಹೈಡ್ರೋಮೀಟರ್ ಹಾಕಿ ನೋಡಿದೆ. ಐದು ಸೆಲ್ಲಿನಲ್ಲಿ 1.260, ಆ ಒಂದರಲ್ಲಿ 1.180, ಅಂದರೆ ಅದು ಸೋಲುತ್ತಿತ್ತು. ಮೇ ತಿಂಗಳಲ್ಲೇ, ಮಳೆ ಬರುವ ಮೊದಲು, ಪುರುಸೊತ್ತಿನಲ್ಲಿ ಬದಲಿಸಿದೆ. ಒಂದು ದಿನವೂ ಜೀಪು ನಿಲ್ಲಲಿಲ್ಲ. ಆರು ಮುಚ್ಚಳ ತೆಗೆದು ನೋಡಲು ಆಗುತ್ತದಲ್ಲ, ನನಗೆ ಅದೇ ದೊಡ್ಡ ವಿಷಯ.

ಇದರ ಕೆಲಸ ಜಾಸ್ತಿ, ಅದು ನಿಜ. ತಿಂಗಳಿಗೊಮ್ಮೆ ನೋಡಬೇಕು. ಒಳಗಿನ ಪ್ಲೇಟು ಎಂದೂ ನೀರಿನ ಮೇಲೆ ಕಾಣಿಸಬಾರದು. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ನಮ್ಮ ಮುರಕಲ್ಲಿನ ಬಾವಿ ನೀರು ಎಷ್ಟು ತಿಳಿಯಾಗಿದ್ದರೂ ಬೇಡ, ಅದರಲ್ಲಿರುವ ಲವಣಗಳು ಪ್ಲೇಟನ್ನು ಹಾಳುಮಾಡುತ್ತವೆ. ಆಸಿಡ್ ಅಂತೂ ಸೇರಿಸಲೇಬಾರದು, ಕಡಿಮೆಯಾಗುವುದು ನೀರು ಮಾತ್ರ. ಗೆರೆ ಮೀರಿ ಹಾಕಿದರೆ ಚಾರ್ಜ್ ಆಗುವಾಗ ಉಕ್ಕಿ ಕೆಳಗಿನ ತಗಡನ್ನು ತಿನ್ನುತ್ತದೆ. ಟರ್ಮಿನಲ್ಲಿಗೆ ಹಿಡಿಯುವ ಬಿಳಿ-ಹಸಿರು ಪುಡಿಯನ್ನು ಸೋಡಾಪುಡಿ ಕಲಸಿದ ಬಿಸಿನೀರಿನಲ್ಲಿ ತೊಳೆದು, ಒರೆಸಿ, ವ್ಯಾಸಲಿನ್ ಹಚ್ಚುತ್ತೇನೆ. ಮುಚ್ಚಳ ತೆಗೆದಾಗ ಹತ್ತಿರ ಬೀಡಿ, ಬೆಂಕಿ ಏನೂ ಇರಬಾರದು. ಒಳಗಿಂದ ಬರುವುದು ಹೈಡ್ರೋಜನ್.

ಮಂಗಳೂರಿನ ಫ್ಲ್ಯಾಟಿನಲ್ಲಿರುವ ತಂಗಿಗೆ ನಾನು ಸೀಲ್ಡ್ ತೆಗೆದುಕೊಳ್ಳಲು ಹೇಳಿದೆ. ಅವಳಿಗೆ ಬಾನೆಟ್ ಎತ್ತಲು ಸಮಯ ಇಲ್ಲ, ಎತ್ತುವುದೂ ಇಲ್ಲ. ಆದರೆ ಮೂರು ವರ್ಷ ಆದ ಮೇಲೆ ಪ್ರತಿ ಮೇ ತಿಂಗಳಲ್ಲಿ ಲೋಡ್ ಟೆಸ್ಟ್ (ಭಾರ ಕೊಟ್ಟಾಗ ಬ್ಯಾಟರಿ ತಾಳುತ್ತದಾ ಎಂದು ನೋಡುವುದು) ಮಾಡಿಸು, ಹಸಿರು ಬಣ್ಣ ನಂಬಬೇಡ ಎಂದೂ ಹೇಳಿದ್ದೇನೆ.

ನಮ್ಮ ಕಾರಿಗೆ ಈ ಸಲ ನೀರು ಹಾಕುವುದನ್ನೇ ತಂದೆ. ಅಳತೆ ಸರಿಯಾಗಿದೆಯಾ, ಪ್ಲಸ್ ಟರ್ಮಿನಲ್ ಹಳೆಯದರ ಬದಿಗೇ ಬರುತ್ತದಾ ಎಂದು ಅಂಗಡಿಯಲ್ಲೇ ನೋಡಿಕೊಂಡೆ. ಹೈಡ್ರೋಮೀಟರ್ ಈಗ ಶೆಡ್ಡಿನ ಗೋಡೆಯಲ್ಲಿ, ಜೀಪಿಗೂ ಕಾರಿಗೂ ನಡುವೆ ನೇತಾಡುತ್ತಿದೆ.