ಹಳೆಯ ಪೊಲರಾಯ್ಡ್ ಕೊಳ್ಳುವ ಮುನ್ನ ಫಿಲ್ಮ್‌ನ ವಿಚಾರ ಕೇಳಿ

ತೆಗೆದ ಚಿತ್ರವನ್ನು ಆಗಲೇ ಹಾಳೆಯ ಮೇಲೆ ಕೊಡುವ ಹಳೆಯ ಇನ್‌ಸ್ಟಂಟ್ ಕ್ಯಾಮೆರಾವೊಂದನ್ನು ಹವ್ಯಾಸಕ್ಕೆಂದು ಕೊಳ್ಳಲು ಹೊರಟವರು, ಅದರಲ್ಲೂ ಮಡಚಿಡಬಹುದಾದ ಪೊಲರಾಯ್ಡ್ ಎಸ್‌ಎಕ್ಸ್-70ರ ಮೇಲೆ ಮನಸ್ಸಿಟ್ಟವರು, ಹಣ ಕೊಡುವ ಮೊದಲು ಇದನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. ‘ಪರೀಕ್ಷಿಸಲಾಗಿದೆ, ಚೆನ್ನಾಗಿ ಕೆಲಸ ಮಾಡುತ್ತಿದೆ, ಫಿಲ್ಮ್ ಒಳಗೇ ಇದೆ’ ಎಂಬ ವಿವರಣೆಯನ್ನು ನೋಡಿ ನಾನು ಆನ್‌ಲೈನ್‌ನಲ್ಲಿ ಕೊಂಡ ಕ್ಯಾಮೆರಾದಿಂದ ಒಂದು ಇಡೀ ಪ್ಯಾಕ್ ಫಿಲ್ಮ್ ಹಾಳಾಯಿತು. ಆ ಹಾಳೆಗಳಲ್ಲಿ ಒಂದು, ಊರಿನಿಂದ ಬಂದಿದ್ದ ಅಜ್ಜಿಯ ಚಿತ್ರವಾಗಬೇಕಿತ್ತು. ಮಾರಿದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಮಾಡಿದ್ದು ಏನೆಂಬುದು ಸ್ಪಷ್ಟವಾದರೆ, ಅದೇ ಕೆಲಸವನ್ನು ಬೇರೆ ಯಾರು ಮಾಡಿದರೂ ನೀವು ಗುರುತಿಸಬಲ್ಲಿರಿ.

ಮೊದಲು ಈ ಕ್ಯಾಮೆರಾದ ಬಗೆಯನ್ನು ತಿಳಿದುಕೊಳ್ಳಬೇಕು. ಎಡ್ವಿನ್ ಲ್ಯಾಂಡ್ ಅವರ ಪೊಲರಾಯ್ಡ್ ಕಂಪನಿ 1972ರಲ್ಲಿ ಎಸ್‌ಎಕ್ಸ್-70 ಅನ್ನು ಹೊರತಂದಾಗ, ಚಿತ್ರ ತೆಗೆದ ಮೇಲೆ ಕಾಗದ ಸುಲಿಯುವ, ಸಮಯ ನೋಡಿಕೊಂಡು ಕಾಯುವ ತಾಪತ್ರಯವೆಲ್ಲ ತಪ್ಪಿತು; ಹಾಳೆ ತಾನಾಗಿ ಹೊರಬಂದು, ಹಗಲು ಬೆಳಕಿನಲ್ಲೇ ಚಿತ್ರ ಮೂಡತೊಡಗಿತು. ಇದು ಸಾಧ್ಯವಾದದ್ದು ಯಂತ್ರದ ಅರ್ಧ ಭಾಗವನ್ನು ಫಿಲ್ಮ್ ಪ್ಯಾಕ್‌ನೊಳಗೇ ಇರಿಸಿದ್ದರಿಂದ. ಮೋಟಾರನ್ನೂ ಷಟರನ್ನೂ ನಡೆಸುವ ಚಪ್ಪಟೆಯಾದ 6 ವೋಲ್ಟ್ ಬ್ಯಾಟರಿ ಇರುವುದು ಕ್ಯಾಮೆರಾದಲ್ಲಲ್ಲ, ಪ್ಯಾಕ್‌ನ ತಳದಲ್ಲಿ. ಚಿತ್ರವನ್ನು ಮೂಡಿಸುವ ರಾಸಾಯನಿಕ ಲೇಪವಿರುವುದು ಪ್ರತಿ ಹಾಳೆಯ ಕೆಳಗಿನ ಅಗಲವಾದ ಬಿಳಿ ಅಂಚಿನೊಳಗಿನ ಪುಟ್ಟ ಚೀಲಗಳಲ್ಲಿ. ಹಾಳೆ ಎರಡು ಉಕ್ಕಿನ ರೋಲರ್‌ಗಳ ನಡುವೆ ಹಾದು ಬರುವಾಗ ಆ ಚೀಲಗಳು ಒಡೆದು, ಲೇಪ ಹಾಳೆಯ ತುಂಬ ಒಂದೇ ಸಮನಾಗಿ ಹರಡಬೇಕು. ಆದ್ದರಿಂದ ಇಂಥ ಕ್ಯಾಮೆರಾವನ್ನು ‘ಕೆಲಸ ಮಾಡುತ್ತದೆ’ ಎನ್ನುವಾಗ ಅದಕ್ಕೆ ತಕ್ಕ ಫಿಲ್ಮ್ ಯಾವುದು, ಅದು ತಾಜಾ ಇದೆಯೇ, ರೋಲರ್‌ಗಳು ಹೇಗಿವೆ ಎಂಬುದನ್ನು ಸೇರಿಸಿ ಹೇಳದಿದ್ದರೆ ಆ ಮಾತಿಗೆ ಬೆಲೆಯಿಲ್ಲ.

ನನಗೆ ಬಂದ ಕ್ಯಾಮೆರಾ ನೋಡಲು ಸುಂದರವಾಗಿಯೇ ಇತ್ತು. ಕಂದು ಚರ್ಮದ ಹೊದಿಕೆ ಎಲ್ಲಿಯೂ ಬಿರುಕು ಬಿಟ್ಟಿರಲಿಲ್ಲ, ತೆರೆದರೆ ಸಲೀಸಾಗಿ ನಿಲ್ಲುತ್ತಿತ್ತು. ಒಳಗಿದ್ದ ಫಿಲ್ಮ್‌ಗೆಂದು ಪ್ರತ್ಯೇಕವಾಗಿ ಹಣ ಪಡೆದಿದ್ದರು. ಲೆನ್ಸಿನ ಪಕ್ಕದಲ್ಲಿ ಚಿತ್ರವನ್ನು ತಿಳಿ ಅಥವಾ ಗಾಢ ಮಾಡುವ ಸಣ್ಣ ಚಕ್ರವೊಂದಿದೆ. ಅದನ್ನು ಪೂರ್ತಿಯಾಗಿ ಗಾಢದ ಕಡೆಗೆ ತಿರುಗಿಸಿ ಕಳುಹಿಸಲಾಗಿತ್ತು. ಕ್ಯಾಮೆರಾದ ಕೈಪಿಡಿಯಲ್ಲಿ ಹೇಳಿರುವಂತೆ ಅದನ್ನು ನಡುವಿಗೆ ತಂದು ಲಾಲ್‌ಬಾಗಿನ ಗ್ಲಾಸ್‌ಹೌಸ್ ಎದುರು ಬೆಳಗಿನ ಬಿಸಿಲಿನಲ್ಲಿ ಚಿತ್ರ ತೆಗೆದೆ. ಈಗಿನ ಫಿಲ್ಮ್‌ಗೆ ಬೇಕಾದಂತೆ ಹತ್ತು ಹದಿನೈದು ನಿಮಿಷ ಬೆಳಕು ತಾಗದಂತೆ ಮುಚ್ಚಿಟ್ಟು ನೋಡಿದಾಗ ಆಕಾಶವಿರಲಿಲ್ಲ, ಗಾಜಿನ ಕಟ್ಟಡದ ಅಂಚುಗಳು ಮಾತ್ರ ನೀರು ಬಿದ್ದ ಶಾಯಿಯಂತೆ ಮಸುಕಾಗಿ ಉಳಿದಿದ್ದವು. ಚಕ್ರವನ್ನು ಮತ್ತೆ ಗಾಢಕ್ಕೆ ತಿರುಗಿಸಿದರೂ ಬಿಸಿಲಿನ ಚಿತ್ರಗಳು ಬಿಳಿಚಿಕೊಂಡೇ ಬಂದವು. ಮನೆಯ ಜಗಲಿಯಲ್ಲಿ ಕೂತ ಅಜ್ಜಿಯ ಚಿತ್ರದಲ್ಲಿ ಸೀರೆಯ ಬಣ್ಣ ಅಷ್ಟಿಷ್ಟು ಮೂಡಿತು, ಮುಖದ ಜಾಗದಲ್ಲಿ ಬರೀ ಬಿಳುಪು. ಈ ಬಗೆಯ ಫಿಲ್ಮ್‌ಗೆ ನೆಗೆಟಿವ್ ಇರುವುದಿಲ್ಲ. ಹೋದ ಚಿತ್ರ ಹೋದಂತೆಯೇ.

ಕಾರಣ ಗೊತ್ತಾದದ್ದು ಖಾಲಿ ಪ್ಯಾಕ್ ಹೊರಗೆಳೆದು ತಿರುಗಿಸಿ ನೋಡಿದಾಗ. ಅದರ ತಳದಲ್ಲಿ, ಪ್ಲಾಸ್ಟಿಕ್ಕಿನ ಪುಟ್ಟ ಉಬ್ಬುಗಳಿರಬೇಕಾದ ಜಾಗದಲ್ಲಿ, ಚಾಕುವಿನಿಂದ ಹೆರೆದ ಗುರುತುಗಳಿದ್ದವು. ಒಂದು ಕಡೆ ಹೆರೆದ ಎಳೆ ಇನ್ನೂ ಅಂಟಿಕೊಂಡಿತ್ತು. ಎಸ್‌ಎಕ್ಸ್-70ಕ್ಕೆ ಮಾಡಿದ ಫಿಲ್ಮ್‌ನ ಸಂವೇದನೆ ಐಎಸ್‌ಒ 160ರ ಆಸುಪಾಸಿನದು. ಆಮೇಲೆ ಬಂದ 600 ಮಾದರಿಯ ಕ್ಯಾಮೆರಾಗಳ ಫಿಲ್ಮ್ ಐಎಸ್‌ಒ 640, ಎಂದರೆ ಬೆಳಕಿಗೆ ನಾಲ್ಕು ಪಟ್ಟು ಹೆಚ್ಚು ಸೂಕ್ಷ್ಮ; ಹಳೆಯ ಕ್ಯಾಮೆರಾ ಬಿಡುವ ಬೆಳಕು ಅದಕ್ಕೆ ವಿಪರೀತವಾಗಿ ಚಿತ್ರ ಬಿಳಿಚಿಕೊಳ್ಳುತ್ತದೆ. ಎರಡೂ ಪ್ಯಾಕ್‌ಗಳ ಅಳತೆ ಒಂದೇ ಆದ್ದರಿಂದ, 600ರ ಪ್ಯಾಕನ್ನು ಯಾರೂ ಹಳೆಯ ಕ್ಯಾಮೆರಾಕ್ಕೆ ಅಪ್ಪಿತಪ್ಪಿ ತುರುಕದಿರಲೆಂದೇ ಕಂಪನಿ ಆ ಉಬ್ಬುಗಳನ್ನು ಇಟ್ಟಿತ್ತು. ಅವುಗಳನ್ನು ಹೆರೆದು ತೆಗೆದವರಿಗೆ ಇದು ಗೊತ್ತಿತ್ತು. ಚಕ್ರವನ್ನು ಗಾಢದ ಕೊನೆಗೆ ತಿರುಗಿಸಿಟ್ಟವರಿಗೂ ಗೊತ್ತಿತ್ತು. ಜಾಹೀರಾತಿನಲ್ಲಿ ಮಾದರಿಯಾಗಿ ತೋರಿಸಿದ ಎರಡು ಚಿತ್ರಗಳೂ ಮಬ್ಬು ಬೆಳಕಿನ ಕೋಣೆಯವಾಗಿದ್ದದ್ದು ಏಕೆಂದು ಆಗ ಅರ್ಥವಾಯಿತು.

600 ಫಿಲ್ಮನ್ನು ಎಸ್‌ಎಕ್ಸ್-70ರಲ್ಲಿ ಬಳಸುವುದು ತಾನಾಗಿ ಮೋಸವೇನಲ್ಲ ಎಂಬುದನ್ನೂ ಹೇಳಬೇಕು. ಲೆನ್ಸಿನ ಮುಂದೆ ಅಥವಾ ಪ್ಯಾಕ್‌ನ ಮೇಲೆ ಬೆಳಕನ್ನು ಎರಡು ಸ್ಟಾಪ್, ಎಂದರೆ ಕಾಲು ಭಾಗಕ್ಕೆ, ತಗ್ಗಿಸುವ ಎನ್‌ಡಿ ಫಿಲ್ಟರ್ (ಬೂದು ಬಣ್ಣದ ತೆಳು ಪರದೆ) ಇಟ್ಟುಕೊಂಡು ಅನೇಕರು ಒಳ್ಳೆಯ ಚಿತ್ರಗಳನ್ನೇ ತೆಗೆಯುತ್ತಾರೆ. ಕ್ಯಾಮೆರಾದ ಎಲೆಕ್ಟ್ರಾನಿಕ್ ಭಾಗವನ್ನೇ 600ಕ್ಕೆ ಹೊಂದಿಸಿ ಮಾರುವ ದುರಸ್ತಿಗಾರರೂ ಇದ್ದಾರೆ. ಅದನ್ನು ಕೊಳ್ಳುವವರಿಗೆ ತಿಳಿಸಿ ಮಾಡಬೇಕು. ನಾನು ಪ್ಯಾಕ್‌ನ ತಳದ ಫೋಟೊ ಕಳುಹಿಸಿ ಕೇಳಿದಾಗ ‘ಮೇಡಂ, ವಿಂಟೇಜ್ ಐಟಂಗೆ ರಿಟರ್ನ್ ಇಲ್ಲ’ ಎಂಬ ಒಂದೇ ಸಾಲಿನ ಉತ್ತರ ಬಂತು. ಆಮೇಲೆ ಫೋನ್ ಎತ್ತಲಿಲ್ಲ.

ಎರಡನೆಯ ದೋಷ ರೋಲರ್‌ಗಳದು. ಎಲ್ಲ ಚಿತ್ರಗಳಲ್ಲೂ ಒಂದೇ ಸಾಲಿನಲ್ಲಿ, ಸಮಾನ ಅಂತರದಲ್ಲಿ ಸಣ್ಣ ಚುಕ್ಕೆಗಳು ಬಿದ್ದಿದ್ದವು. ಹಿಂದೆಂದೋ ಸೋರಿದ ಲೇಪ ರೋಲರ್‌ನ ಮೇಲೆ ಒಣಗಿ ಗಟ್ಟಿಯಾಗಿ ಕೂತರೆ, ರೋಲರ್ ಸುತ್ತಿದಂತೆಲ್ಲ ಆ ಗಂಟು ಹಾಳೆಯನ್ನು ಮತ್ತೆ ಮತ್ತೆ ಒತ್ತುತ್ತದೆ. ಚುಕ್ಕೆಗಳು ಲೆಕ್ಕವಿಟ್ಟಂತೆ ಬೀಳುವುದು ಅದಕ್ಕೇ. ಇದನ್ನು ಸರಿಪಡಿಸುವುದು ಕಷ್ಟವಲ್ಲ, ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆಯಿಂದ ರೋಲರನ್ನು ಕೈಯಿಂದ ಸುತ್ತಿಸುತ್ತ ಒರೆಸಿದರೆ ಸಾಕು. ಆದರೆ ‘ಪರೀಕ್ಷಿಸಲಾಗಿದೆ’ ಎಂದು ಬರೆದವರು ರೋಲರ್‌ಗಳತ್ತ ಒಮ್ಮೆಯೂ ಗಮನವಿಟ್ಟು ನೋಡಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನನಗೆ ಸಿಕ್ಕ ಕ್ಯಾಮೆರಾಕ್ಕಾದರೂ ಫಿಲ್ಮ್ ಇಂದಿಗೂ ತಯಾರಾಗುತ್ತಿದೆ. ಮಾರುಕಟ್ಟೆಯಲ್ಲಿ ಸುತ್ತುತ್ತಿರುವ ಎಷ್ಟೋ ಹಳೆಯ ಇನ್‌ಸ್ಟಂಟ್ ಕ್ಯಾಮೆರಾಗಳಿಗೆ ಆ ಭಾಗ್ಯವೂ ಇಲ್ಲ, ಮತ್ತು ಹೆಚ್ಚು ಹಣ ಕಳೆದುಕೊಳ್ಳುವುದು ಅಲ್ಲಿಯೇ. ನನ್ನ ಗೆಳತಿಯೊಬ್ಬರು 1960ರ ದಶಕದ, ಉದ್ದನೆಯ ಬೆಲ್ಲೋಸ್ (ಹಾರ್ಮೋನಿಯಂ ತಿದಿಯಂತೆ ಮಡಚಿಕೊಳ್ಳುವ ಭಾಗ) ಇರುವ ಪೊಲರಾಯ್ಡ್ ಲ್ಯಾಂಡ್ ಕ್ಯಾಮೆರಾವನ್ನು ‘ಅಪರೂಪದ್ದು’ ಎಂಬ ಕಾರಣಕ್ಕೆ ದುಬಾರಿ ಬೆಲೆ ತೆತ್ತು ಕೊಂಡರು. ಅದು ಬಯಸುವುದು ಸುಲಿಯುವ ಫಿಲ್ಮ್. ಅದನ್ನು ಕೊನೆಯವರೆಗೆ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದ ಫ್ಯೂಜಿಫಿಲ್ಮ್, ಎಫ್‌ಪಿ-100ಸಿ ಎಂಬ ಆ ಫಿಲ್ಮ್‌ನ ತಯಾರಿಕೆಯನ್ನು 2016ರಲ್ಲಿ ನಿಲ್ಲಿಸಿತು. ಉಳಿದಿರುವುದು ಅವಧಿ ಮೀರಿದ ಹಳೆಯ ದಾಸ್ತಾನು. ಅದರ ಬೆಲೆಯೋ ವರ್ಷ ವರ್ಷಕ್ಕೂ ಏರುತ್ತಿದೆ. ಕೊಡಾಕ್ ಕಂಪನಿಯ ಇನ್‌ಸ್ಟಂಟ್ ಕ್ಯಾಮೆರಾಗಳ ಸ್ಥಿತಿ ಇನ್ನೂ ಕೆಟ್ಟದು. ಪೊಲರಾಯ್ಡ್ ಹೂಡಿದ ಪೇಟೆಂಟ್ ಮೊಕದ್ದಮೆಯಲ್ಲಿ ಸೋತು ಕೊಡಾಕ್ 1986ರಲ್ಲಿ ಈ ವ್ಯಾಪಾರದಿಂದಲೇ ಹೊರಬಂದ ಮೇಲೆ ಅವುಗಳಿಗೆ ಫಿಲ್ಮ್ ಬರಲೇ ಇಲ್ಲ. ಅವು ಕಪಾಟಿನಲ್ಲಿಡಲು ಚೆನ್ನ, ಚಿತ್ರ ತೆಗೆಯಲು ಅಲ್ಲ.

ಪೊಲರಾಯ್ಡ್ ಕೂಡ ತನ್ನ ಫಿಲ್ಮ್ ತಯಾರಿಕೆಯನ್ನು 2008ರಲ್ಲಿ ಕೈಬಿಟ್ಟಿತ್ತು. ನೆದರ್ಲೆಂಡ್ಸ್‌ನ ಎನ್‌ಸ್ಖೆಡೆ ಊರಿನ ಕೊನೆಯ ಕಾರ್ಖಾನೆಯನ್ನು ಉಳಿಸಿಕೊಂಡ ಇಂಪಾಸಿಬಲ್ ಪ್ರಾಜೆಕ್ಟ್ ತಂಡ, ಮೂಲ ರಾಸಾಯನಿಕಗಳು ಸಿಗದೆ ಎಲ್ಲವನ್ನೂ ಹೊಸದಾಗಿ ರೂಪಿಸಿ 2010ರಲ್ಲಿ ಮತ್ತೆ ಫಿಲ್ಮ್ ತಂದಿತು. ಇಂದು ಪೊಲರಾಯ್ಡ್ ಹೆಸರಿನಲ್ಲಿ ಬರುವುದು ಆ ಪರಂಪರೆಯ ಫಿಲ್ಮೇ. ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ, ಅವರಿಲ್ಲದಿದ್ದರೆ ಈ ಹವ್ಯಾಸವೇ ಉಳಿಯುತ್ತಿರಲಿಲ್ಲ. ಹಾಗಾಗಿ 2008ಕ್ಕಿಂತ ಹಿಂದಿನ ‘ಸೀಲ್ ಒಡೆಯದ’ ಪ್ಯಾಕ್‌ಗಳನ್ನು ಯಾರಾದರೂ ತೋರಿಸಿದರೆ ದೂರವಿರಿ: ಅವುಗಳ ಬ್ಯಾಟರಿ ಸತ್ತಿರುತ್ತದೆ, ಲೇಪ ಒಣಗಿರುತ್ತದೆ. ಹೊಸ ಫಿಲ್ಮ್ ಕೊಳ್ಳುವಾಗಲೂ ಒಂದು ಎಚ್ಚರ ಬೇಕು. ಅಗ್ಗವೆಂದು ಐ-ಟೈಪ್ ಪ್ಯಾಕ್ ತಂದರೆ ಅದರೊಳಗೆ ಬ್ಯಾಟರಿಯೇ ಇರುವುದಿಲ್ಲ. ಅದು ಇತ್ತೀಚಿನ ಕ್ಯಾಮೆರಾಗಳಿಗೆ ಮಾಡಿದ್ದು. ಹಳೆಯ ಎಸ್‌ಎಕ್ಸ್-70ರಲ್ಲಿ ಹಾಕಿದರೆ ಕ್ಯಾಮೆರಾ ಮಿಸುಕುವುದೂ ಇಲ್ಲ.

ಕೊಳ್ಳುವ ಮುಂಚೆ ಮಾರುವವರಿಂದ ಒಂದು ವೀಡಿಯೊ ಕೇಳಿ ಪಡೆಯಿರಿ. ‘ಫಿಲ್ಮ್ ಇಲ್ಲ, ಪರೀಕ್ಷಿಸಲಾಗದು’ ಎಂಬುದು ಒಪ್ಪುವ ಉತ್ತರವಲ್ಲ, ಏಕೆಂದರೆ ಮುಗಿದ ಪ್ಯಾಕ್‌ನ ಬ್ಯಾಟರಿಯಲ್ಲಿ ಮೋಟಾರ್ ತಿರುಗಿಸುವಷ್ಟು ಶಕ್ತಿ ಸಾಮಾನ್ಯವಾಗಿ ಉಳಿದಿರುತ್ತದೆ. ಅಂಥ ಖಾಲಿ ಪ್ಯಾಕ್ ಹಾಕಿ ಗುಂಡಿ ಒತ್ತಿದಾಗ ಕನ್ನಡಿ ಏಳುವ, ಮೋಟಾರ್ ತಿರುಗುವ ಸದ್ದು ತಡವರಿಸದೆ ಕೇಳಬೇಕು. ಮುಂದಿನ ಮುಚ್ಚಳ ತೆರೆದು ರೋಲರ್‌ಗಳನ್ನು ಹತ್ತಿರದಿಂದ ತೋರಿಸಬೇಕು. ಕತ್ತಲೆ ಕೋಣೆಯಲ್ಲಿ ಬೆಲ್ಲೋಸ್‌ನ ಒಳಗಿನಿಂದ ಟಾರ್ಚ್ ಹಿಡಿದು, ಮಡಿಕೆಗಳ ಮೂಲೆಗಳಲ್ಲಿ ಬೆಳಕು ಸೂಸುವ ತೂತುಗಳಿಲ್ಲವೆಂದು ಖಾತ್ರಿಪಡಿಸಬೇಕು. ಹಾಳೆಗಳಿರುವ ಪ್ಯಾಕ್ ಒಳಗಿದ್ದಾಗ ಮುಚ್ಚಳ ತೆರೆದರೆ ಮೇಲಿನ ಹಾಳೆ ಬೆಳಕಿಗೆ ಬಲಿಯಾಗುತ್ತದೆ, ಎಣಿಕೆಯೂ ಮೊದಲಿಗೆ ಮರಳುತ್ತದೆ. ಹಾಗಾಗಿ ಕ್ಯಾಮೆರಾದ ಹಿಂದಿನ ಅಂಕಿಯನ್ನು ನಂಬಿ ಇಷ್ಟು ಹಾಳೆ ಉಳಿದಿವೆ ಎಂದು ಹಣ ಕೊಡಬೇಡಿ. ಹಳೆಯ ಪ್ಯಾಕ್‌ಗಳಲ್ಲಿ 10 ಹಾಳೆಗಳಿರುತ್ತಿದ್ದವು, ಈಗಿನವುಗಳಲ್ಲಿ 8. ಎಣಿಕೆ ಮಾತ್ರ 10ರಿಂದಲೇ ಶುರುವಾಗುತ್ತದೆ.

ಸರಿಯಾದ ಫಿಲ್ಮ್ ಸಿಕ್ಕ ಮೇಲೂ ನಮ್ಮ ಬಿಸಿಲು ಅದಕ್ಕೆ ಹಿತವಲ್ಲ. 13ರಿಂದ 28 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಬೇಕೆಂಬುದು ತಯಾರಕರ ಸೂಚನೆ. ಬಳ್ಳಾರಿ, ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಅದನ್ನು ಎಷ್ಟೋ ಮೀರುತ್ತದೆ, ಚಿತ್ರಗಳು ಹಳದಿಗೆ, ಕೆಂಪಿಗೆ ತಿರುಗುತ್ತವೆ. ಪ್ಯಾಕನ್ನು ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಎಂದೂ ಬೇಡ. ವಿದೇಶದಿಂದ ಬರುವ ನೆಂಟರ ಕೈಲಿ ತರಿಸುವುದಾದರೆ ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕದಂತೆ ತಿಳಿಸಿ, ಆ ಸಾಮಾನಿನ ಎಕ್ಸ್‌ರೇ ಬಲವಾದದ್ದು. ಕೈಚೀಲದಲ್ಲಿಟ್ಟುಕೊಂಡು ಕೈಯಿಂದ ತಪಾಸಣೆ ಮಾಡುವಂತೆ ವಿಮಾನ ನಿಲ್ದಾಣದಲ್ಲಿ ವಿನಂತಿಸಬೇಕು.

ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಮರೆಯಬೇಡಿ: ಹಾಳೆಯೊಳಗಿನ ಲೇಪ ಕಟುವಾದ ಕ್ಷಾರ. ಹೊಸ ಚಿತ್ರವನ್ನು ಕತ್ತರಿಸಬಾರದು, ಚರ್ಮಕ್ಕೆ ತಾಗಿದರೆ ತಕ್ಷಣ ಧಾರಾಳ ನೀರಿನಿಂದ ತೊಳೆಯಬೇಕು, ಕಣ್ಣಿಗೆ ತಾಗಿದರೆ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಫ್ಲ್ಯಾಶ್ ಒಳಗೇ ಇರುವ 600 ಮಾದರಿಯ ಕ್ಯಾಮೆರಾಗಳನ್ನು ದುರಸ್ತಿಯ ಆಸೆಯಿಂದ ಬಿಚ್ಚಬೇಡಿ, ಫ್ಲ್ಯಾಶ್‌ಗೆ ವಿದ್ಯುತ್ ಕೂಡಿಡುವ ಕೆಪ್ಯಾಸಿಟರ್‌ನಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ.

ಪೆಟ್ಟಿಗೆ ಬಿಚ್ಚುವಾಗ ತೆಗೆದ ವೀಡಿಯೊ, ಜಾಹೀರಾತಿನ ಸ್ಕ್ರೀನ್‌ಶಾಟ್, ಹಣ ಪಾವತಿಸಿದ ದಾಖಲೆ ನನ್ನ ಬಳಿ ಇದ್ದುದರಿಂದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ಸಾಧ್ಯವಾಗಿದೆ. ಹಣ ಇನ್ನೂ ಮರಳಿಲ್ಲ. ಅದೇ ಖಾತೆಯಲ್ಲಿ ಈಗ ಮತ್ತೊಂದು ಎಸ್‌ಎಕ್ಸ್-70 ಮಾರಾಟಕ್ಕಿದೆ, ವಿವರಣೆಯೂ ಅದೇ. ಎಲ್ಲಿಯೇ ಆಗಲಿ ‘ಫಿಲ್ಮ್ ಒಳಗೇ ಇದೆ’ ಎಂದು ಕಂಡರೆ ಆ ಫಿಲ್ಮ್‌ಗೆ ಹಣ ಕೊಡಬೇಡಿ. ಸೀಲ್ ಒಡೆಯದ, ಡಬ್ಬಿಯ ಮೇಲೆ ತಯಾರಿಕೆಯ ದಿನಾಂಕವಿರುವ, ಎಸ್‌ಎಕ್ಸ್-70ಕ್ಕೆಂದು ಮುದ್ರಿಸಿರುವ ಪ್ಯಾಕನ್ನೇ ಕೇಳಿ. ಆ ದಿನಾಂಕಕ್ಕೆ ವರ್ಷ ತುಂಬಿದ್ದರೆ ಅದನ್ನೂ ಬಿಡಿ.